ಯಾವ ಸಾಕ್ಸ್ ಅಂತ ಕೇಳಬೇಡಿ, ಬೊಬ್ಬೆ ಎಲ್ಲಿ ಬಂತು ಹೇಳಿ

ಹತ್ತು ವರ್ಷದಿಂದ ಓಡುತ್ತಿದ್ದೇನೆ. ಗೆದ್ದಿದ್ದು ಏನೂ ಇಲ್ಲ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವವರಲ್ಲಿ ನಾನೂ ಒಬ್ಬ. ನನ್ನನ್ನು ಹಿಂದೆ ಹಾಕಿ ಹೋಗುವ ಅಜ್ಜಂದಿರೂ ಇದ್ದಾರೆ. ಆದರೂ ಹೇಗೋ ಒಂದು ಸುದ್ದಿ ಹಬ್ಬಿದೆ: ಸಾಕ್ಸ್ ವಿಷಯ ಇವನಿಗೆ ಗೊತ್ತು. ಹಾಗಾಗಿ ಎಲ್ಲಿ ಹೋದರೂ ಹಿಡಿದು ನಿಲ್ಲಿಸುತ್ತಾರೆ. ಮಗಳ ಶಾಲೆ ಗೇಟಿನ ಹತ್ತಿರ, ಬ್ಯಾಂಕಿನ ಕ್ಯೂನಲ್ಲಿ, ಒಮ್ಮೆ ತಿಥಿ ಮನೆಯಲ್ಲಿ ಕೂಡ.

"ಓಡೋಕೆ ಯಾವ ಸಾಕ್ಸ್ ತಗೊಳ್ಳಲಿ? ಬೊಬ್ಬೆ ಬರಬಾರದು."

ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು: "ಜಾಸ್ತಿ ಬೇಡ, ಬ್ರ್ಯಾಂಡ್ ಹೇಳಿ ಸಾಕು." ಹೇಳಿದರೆ ಮೂರನೆಯದು: "ಸಾಕ್ಸಿಗೆ ನಾನೂರಾ?" ಇದನ್ನು ಕೇಳುವಾಗ ಅವರ ಕಾಲಲ್ಲಿ ಹನ್ನೆರಡು ಸಾವಿರದ ಶೂ ಇರುತ್ತದೆ.

ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಆತುರದವರಿಗೆ ಉತ್ತರ ಇಲ್ಲೇ ಇದೆ: ಕಾಟನ್ ಬೇಡ. ನಿಮ್ಮ ಕಾಲಿನ ಅಳತೆಯದೇ ಇರಲಿ. ಹೊಸದನ್ನು ರೇಸ್ ದಿನ ಮೊದಲ ಸಲ ಹಾಕಬೇಡಿ. ಹೋಗಿ ಬನ್ನಿ.

ಕಾಟನ್ ಬೇಡ ಅಂದರೆ ಜನಕ್ಕೆ ಬೇಜಾರಾಗುತ್ತದೆ. ನಮ್ಮಲ್ಲಿ ಕಾಟನ್‌ಗೆ ಒಂದು ಮರ್ಯಾದೆ ಇದೆ. ಮಗುವಿನ ಬಟ್ಟೆ, ಬನಿಯನ್, ಬೇಸಿಗೆ ಸೀರೆ, ಎಲ್ಲ ಕಾಟನ್ ಆದರೇ ಒಳ್ಳೇದು. ಅಂಗಡಿಯವರೂ "ಪ್ಯೂರ್ ಕಾಟನ್ ಸಾರ್" ಅಂತ ಎದೆ ಉಬ್ಬಿಸಿ ಕೊಡುತ್ತಾರೆ. ಆದರೆ ಆಷಾಢದಲ್ಲಿ ಹಗ್ಗದ ಮೇಲೆ ಬಟ್ಟೆ ಒಣಹಾಕಿದವರಿಗೆ ಗೊತ್ತು. ಪಾಲಿಯೆಸ್ಟರ್ ಸೀರೆ ಮಧ್ಯಾಹ್ನಕ್ಕೆ ಒಣಗಿರುತ್ತದೆ. ಬನಿಯನ್ ಮಾರನೇ ದಿನವೂ ತಣ್ಣಗೆ ನೇತಾಡುತ್ತಿರುತ್ತದೆ. ಆ ಬನಿಯನ್ನನ್ನು ಕಾಲಿಗೆ ಸುತ್ತಿಕೊಂಡು ಎರಡು ಗಂಟೆ ಓಡಿ ನೋಡಿ. ಬೆವರಿಗೆ ನೆನೆದ ಚರ್ಮ ಒಣ ಚರ್ಮಕ್ಕಿಂತ ಜಾಸ್ತಿ ಅಂಟುತ್ತದೆ. ಬೊಬ್ಬೆಗೆ ಅಷ್ಟು ಸಾಕು.

ವಾದ ಮಾಡುವವರಿಗಾಗಿ ಒಂದು ಪರೀಕ್ಷೆಯನ್ನು ನೆನಪಲ್ಲಿಟ್ಟುಕೊಂಡಿದ್ದೆ. 1990ರಲ್ಲಿ ಅಮೆರಿಕದ ಇಬ್ಬರು ಪಾದದ ಡಾಕ್ಟರುಗಳು 35 ಮಂದಿ ದೂರ ಓಟಗಾರರಿಗೆ ಕಾಟನ್ ಸಾಕ್ಸ್ ಮತ್ತು ಅಕ್ರಿಲಿಕ್ ಅನ್ನುವ ಕೃತಕ ನೂಲಿನ ಸಾಕ್ಸ್ ಕೊಟ್ಟು ನೋಡಿದರು. ಅಕ್ರಿಲಿಕ್‌ನಲ್ಲಿ ಬೊಬ್ಬೆ ಕಡಿಮೆ, ಬಂದವೂ ಚಿಕ್ಕವು. ಇದನ್ನು ಹೇಳಿ ಎಷ್ಟೋ ಸಲ ಗೆದ್ದಿದ್ದೇನೆ. ಆಮೇಲೆ ಗೊತ್ತಾಯಿತು, ಅದೇ ಇಬ್ಬರು 1993ರಲ್ಲಿ ಸಾಧಾರಣ ಹೆಣಿಗೆಯ ಸಾಕ್ಸ್ ಇಟ್ಟುಕೊಂಡು ಮತ್ತೆ ನೋಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲವಂತೆ. ಅಂದರೆ ನೂಲು ಒಂದೇ ಅಲ್ಲ, ಹೆಣೆದ ರೀತಿಯೂ ಲೆಕ್ಕಕ್ಕೆ ಬರುತ್ತದೆ. ವಾದದಲ್ಲಿ ಈ ಎರಡನೇ ಭಾಗವನ್ನು ನಾನು ಹೇಳುವುದಿಲ್ಲ. ಇಲ್ಲಿ ಹೇಳಿದ್ದೇನೆ, ಅಷ್ಟೆ.

ಅಂಗಡಿಯಲ್ಲಿ ನಾನು ಮಾಡುವುದು ಇಷ್ಟು. ನೈಲಾನ್ ಅಥವಾ ಪಾಲಿಯೆಸ್ಟರ್, ಜೊತೆಗೆ ಸ್ವಲ್ಪ ಸ್ಪ್ಯಾಂಡೆಕ್ಸ್, ಅಂದರೆ ಎಳೆದರೆ ಹಿಗ್ಗುವ ನೂಲು, ಇದೆಯಾ ನೋಡುತ್ತೇನೆ. ಮೆರಿನೋ ಉಣ್ಣೆಯೂ ಚೆನ್ನಾಗಿರುತ್ತದೆ. ಮೈಸೂರಲ್ಲಿ ಉಣ್ಣೆ ಸಾಕ್ಸಾ ಅಂತ ನಗುತ್ತಾರೆ, ನಗಲಿ. ಆಮೇಲೆ ಸಾಕ್ಸನ್ನು ಒಳಮಗ್ಗುಲು ತಿರುಗಿಸಿ, ಬೆರಳುಗಳು ಬರುವ ಕಡೆ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತೇನೆ. ದಾರದ ಗಂಟು ಈಗ ನನ್ನ ಹೆಬ್ಬೆರಳಿಗೆ ಸಿಕ್ಕರೆ, ಹದಿನೈದನೇ ಕಿಲೋಮೀಟರಿನಲ್ಲಿ ಕಾಲಿನ ಕಿರುಬೆರಳಿಗೂ ಸಿಗುತ್ತದೆ. ಫ್ರೀ ಸೈಜ್ ಅಂತ ಬರೆದಿದ್ದರೆ ವಾಪಸ್ ಇಡುತ್ತೇನೆ. ಆರನೇ ನಂಬರ್ ಕಾಲಿಗೂ ಹತ್ತನೇ ನಂಬರ್ ಕಾಲಿಗೂ ಅದೇ ಚೀಲ. ಚಿಕ್ಕ ಕಾಲಿನವರಿಗೆ ಅದರ ಹಿಮ್ಮಡಿ ಕಣಕಾಲಿಗೆ ಬಂದಿರುತ್ತದೆ, ಉಳಿದ ಬಟ್ಟೆ ಬೆರಳ ಹತ್ತಿರ ಮಡಿಕೆ ಬಿದ್ದು ಕೂತಿರುತ್ತದೆ.

ಇಷ್ಟೆಲ್ಲ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಕಡೆ, ನಾಲೆ ಏರಿ ಮೇಲೆ ಓಡುವ ಕಾವೇರಿ ಟ್ರೇಲ್ ಮ್ಯಾರಥಾನ್ ಇದೆಯಲ್ಲ, ನನ್ನ ಮೊದಲ 21 ಕಿಲೋಮೀಟರ್ ಅಲ್ಲೇ. ಕಾಲಲ್ಲಿ ಫುಟ್‌ಪಾತಿನಿಂದ ನೂರಕ್ಕೆ ಮೂರು ಜೊತೆ ತಂದ ಬಿಳಿ ಕಾಟನ್ ಸಾಕ್ಸ್. ಹತ್ತು ಕಿಲೋಮೀಟರ್ ಆದ ಮೇಲೆ ಬಿಸಿಲೇರಿತು. ನೀರು ಕೊಡುವ ಕಡೆ ಒಂದು ಬಾಟಲಿಯನ್ನು ಪೂರ್ತಿ ತಲೆ ಮೇಲೆ ಸುರಿದುಕೊಂಡೆ. ಟಿವಿಯಲ್ಲಿ ಹಾಗೆ ಮಾಡುವುದನ್ನು ನೋಡಿದ್ದೆ. ನೀರು ತಲೆಯಿಂದ ಬೆನ್ನಿಗೆ, ಬೆನ್ನಿಂದ ಚಡ್ಡಿಗೆ, ಅಲ್ಲಿಂದ ಸೀದಾ ಶೂ ಒಳಗೆ. ಆಮೇಲೆ ಹೆಜ್ಜೆ ಹೆಜ್ಜೆಗೂ ಪಚಕ್, ಪಚಕ್. ಹದಿನಾಲ್ಕಕ್ಕೆ ಬಲ ಅಂಗಾಲಿನ ಮುಂದಿನ ದಪ್ಪ ಭಾಗ ಬಿಸಿಯಾಗತೊಡಗಿತು. ಬಿಸಿಯಾದಾಗಲೇ ನಿಲ್ಲಬೇಕು. ನಾನು ನಿಲ್ಲಲಿಲ್ಲ, ಯಾಕೆಂದರೆ ಮುಂದೆ ನಮ್ಮ ಆಫೀಸಿನವನೊಬ್ಬ ಓಡುತ್ತಿದ್ದ. ಮುಗಿಸಿ ಸಾಕ್ಸ್ ತೆಗೆದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗುಳ್ಳೆ, ಒಳಗೆ ನೀರು ತುಳುಕುತ್ತಿದೆ. ಬಸ್ಸಿನವರೆಗೆ ಪಾದದ ಹೊರ ಅಂಚಿನ ಮೇಲೆ ನಡೆದೆ. ಕನ್ನಡದಲ್ಲಿ ಗುಳ್ಳೆಗೂ ಬೊಬ್ಬೆ, ಕಿರುಚಾಟಕ್ಕೂ ಬೊಬ್ಬೆ ಯಾಕೆ ಅಂತ ಅವತ್ತು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

(ತಲೆಗೆ ನೀರು ಸುರಿದುಕೊಳ್ಳಲೇಬೇಕು ಅಂದರೆ ನಿಂತು, ಮುಂದಕ್ಕೆ ಬಗ್ಗಿ ಸುರಿದುಕೊಳ್ಳಿ. ನೆಲಕ್ಕೆ ಹೋಗುತ್ತದೆ.)

ಇನ್ನೊಂದು ಮಾತು ನನಗೆ ಯಾವಾಗಲೂ ತಮಾಷೆ. ಚಪ್ಪಲಿ ಕಚ್ಚಿತು, ಶೂ ಕಚ್ಚಿತು ಅನ್ನುತ್ತೇವೆ. ನಾಯಿ ಕಚ್ಚಿದ ಹಾಗೆ, ತಪ್ಪೆಲ್ಲ ಅದರದ್ದೇ. ಒಂದು ಬೆರಳನ್ನು ಇನ್ನೊಂದು ಕೈಯ ಹಿಂಬದಿಗೆ ಒತ್ತಿ ಹಿಂದೆ ಮುಂದೆ ಆಡಿಸಿ. ಬೆರಳು ಜಾರುವುದಿಲ್ಲ. ಚರ್ಮವೇ ಅದರ ಜೊತೆ ಎಳೆದುಕೊಂಡು ಹೋಗುತ್ತದೆ, ಒಳಗಿನ ಮೂಳೆ ಇದ್ದಲ್ಲೇ ಇರುತ್ತದೆ. ಓಡುವಾಗಲೂ ಹೀಗೇ, ಸಾವಿರಾರು ಸಲ. ಸಾಕ್ಸ್ ಚರ್ಮವನ್ನು ಹಿಡಿದುಕೊಂಡಿರುತ್ತದೆ, ಮೂಳೆ ಒಳಗೆ ಅಲ್ಲಾಡುತ್ತದೆ, ನಡುವಿನ ಪದರ ಹರಿಯುತ್ತದೆ, ಆ ಸಂದಿಗೆ ನೀರು ತುಂಬುತ್ತದೆ. ಮೇಲಿನಿಂದ ಉಜ್ಜಿ ಚರ್ಮ ಕಿತ್ತುಹೋದರೆ ಅದು ತರಚು ಗಾಯ, ಬೇರೆ. ಎರಡು ಪದರದ ಸಾಕ್ಸ್ ಮಾರುವುದು ಇದಕ್ಕೇ. ಜಾರಾಟ ಏನಿದ್ದರೂ ಆ ಎರಡು ಪದರಗಳ ನಡುವೆಯೇ ಮುಗಿಯಲಿ ಅಂತ.

ಈಗ ಮದುವೆಮನೆಗೆ ಬನ್ನಿ. ಹೋದ ತಿಂಗಳ ಮಾತು. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪದವರಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಹೆಂಡತಿ ಕಡೆಯ ದೂರದ ನೆಂಟರು. "ನೀವು ಓಡ್ತೀರಂತೆ, ಅಲ್ವಾ?" ಅಂದರು. ಶುರುವಾಯಿತು ಅಂದುಕೊಂಡೆ. ಅವರು ಮಾತು ಮುಂದುವರಿಸಲಿಲ್ಲ. ಪಂಚೆ ಸ್ವಲ್ಪ ಎತ್ತಿ, ಬಲಗಾಲನ್ನು ಎಡ ಮೊಣಕಾಲಿನ ಮೇಲೆ ಹಾಕಿ, ಹಿಮ್ಮಡಿಯನ್ನು ನನ್ನ ಹೋಳಿಗೆಯ ಕಡೆ ತಿರುಗಿಸಿದರು. "ನೋಡಿ, ಇಲ್ಲೇ ಬರುತ್ತೆ. ಪ್ರತಿ ಸಲವೂ ಇಲ್ಲೇ. ಯಾಕೆ?"

ಎದುರು ಸಾಲಿನಿಂದ ನನ್ನ ಹೆಂಡತಿ ನೋಡಿದ ನೋಟ ಬೇಡ ಬಿಡಿ. ಆದರೆ ಹತ್ತು ವರ್ಷದಲ್ಲಿ ನೆಟ್ಟಗೆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಬ್ರ್ಯಾಂಡ್ ಕೇಳಲಿಲ್ಲ, ಜಾಗ ತೋರಿಸಿದರು.

ಹಿಮ್ಮಡಿ ಹಿಂದೆ ಬಂದರೆ ಸಾಮಾನ್ಯವಾಗಿ ಹಿಮ್ಮಡಿ ಶೂನಲ್ಲಿ ಮೇಲೆ ಕೆಳಗೆ ಆಡುತ್ತಿದೆ ಅಂತ ಅರ್ಥ. ಅದಕ್ಕೆ ಸಾಕ್ಸ್ ಅಲ್ಲ, ಲೇಸ್ ನೋಡಬೇಕು. ಶೂವಿನ ತುದಿಯಲ್ಲಿ, ಕಣಕಾಲಿಗೆ ಹತ್ತಿರ, ಒಂದು ಹೆಚ್ಚಿನ ತೂತು ಇರುತ್ತದೆ. ಎಲ್ಲರೂ ಖಾಲಿ ಬಿಟ್ಟಿರುತ್ತಾರೆ. ಲೇಸನ್ನು ಎದುರು ಬದಿಗೆ ದಾಟಿಸದೆ ಅದೇ ಬದಿಯ ಆ ತೂತಿಗೆ ಹಾಕಿ, ಒಂದು ಚಿಕ್ಕ ಕುಣಿಕೆ ಬಿಡಬೇಕು. ಎರಡೂ ಬದಿಗೆ. ಆಮೇಲೆ ಎಡದ ತುದಿಯನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಬೇಕು. ಹಿಮ್ಮಡಿ ಕೂತಲ್ಲೇ ಕೂರುತ್ತದೆ. ಇದನ್ನು ನಾನು ಬಾಳೆ ಎಲೆ ಮೇಲೆ ಉಪ್ಪಿನಕಾಯಿ ರಸದಲ್ಲಿ ಬರೆದು ತೋರಿಸಿದೆ. ತುಪ್ಪದವರು ಅಷ್ಟರಲ್ಲಿ ದಾಟಿ ಹೋಗಿದ್ದರು.

ಬೆರಳ ತುದಿಗೆ ಬಂದರೆ ಶೂ ಗಿಡ್ಡ, ಇಲ್ಲವೇ ಇಳಿಜಾರು, ಇಲ್ಲವೇ ಉಗುರು ಕತ್ತರಿಸಿಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದುಹೋಗುವವರನ್ನು ಕೇಳಿ. ಚಾರ್ಮಾಡಿ ಘಾಟಿ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳುಗಳು ಏನಾಗುತ್ತವೆ ಅಂತ ಅವರೇ ಹೇಳುತ್ತಾರೆ. ಬೆರಳ ಸಂದಿಯಲ್ಲಿ ಬಂದರೆ ಕೈಗವಸಿನ ಹಾಗೆ ಐದು ಬೆರಳಿರುವ ಸಾಕ್ಸ್ ಹಾಕಿ. ಮನೆಯವರು ಕಪಿ ಕಾಲು ಅನ್ನುತ್ತಾರೆ. ನನ್ನ ಮಗಳು ಈಗಲೂ ಅನ್ನುತ್ತಾಳೆ.

ಪದೇ ಪದೇ ಒಂದೇ ಕಡೆ ಬರುವವರಿಗೆ ಮೆಡಿಕಲ್ ಶಾಪಿನ ಪೇಪರ್ ಟೇಪ್ ಇದೆ, ಮೈಕ್ರೋಪೋರ್ ಅಂದರೆ ಕೊಡುತ್ತಾರೆ. ಓಡುವ ಮೊದಲೇ, ಕಾಲು ಒಣಗಿರುವಾಗಲೇ ಅಂಟಿಸಬೇಕು. 128 ಮಂದಿ ಓಟಗಾರರು ಮರುಭೂಮಿಯಂಥ ಕಡೆ 250 ಕಿಲೋಮೀಟರ್ ಓಡುವಾಗ ಇದನ್ನು ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಟೇಪ್ ಹಾಕಿದ ಜಾಗದಲ್ಲಿ ಬೊಬ್ಬೆ ಶೇ 40ರಷ್ಟು ಕಡಿಮೆ. ವ್ಯಾಸಲೀನ್ ಕೂಡ ಆಗುತ್ತದೆ, ಆದರೆ ಅದು ಕೊನೆತನಕ ಬರುವುದಿಲ್ಲ. ದೂರದ ಓಟವಾದರೆ ನಡುವೆ ಮತ್ತೆ ಹಚ್ಚಬೇಕು.

"ನಮ್ಮ ತಾತ ಬರಿಗಾಲಲ್ಲೇ ನಡೀತಿದ್ರು, ಒಂದು ಬೊಬ್ಬೆ ಇರಲಿಲ್ಲ" ಅನ್ನುವವರಿಗೆ: ನಿಮ್ಮ ತಾತ ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಡೆದವರು. ನೀವು ಬಾತ್‌ರೂಮಿಗೂ ಚಪ್ಪಲಿ ಹಾಕುವವರು.

ಬಂದ ಮೇಲೆ ಏನು ಮಾಡುವುದು? ಚಿಕ್ಕದಾದರೆ ಮುಟ್ಟಬೇಡಿ. ದೊಡ್ಡದು, ನೋವಿದೆ ಅಂದರೆ ಕಾಲು ತೊಳೆದು, ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಮುಚ್ಚಿ ಕಟ್ಟಿ. ಸಕ್ಕರೆ ಕಾಯಿಲೆ ಇರುವವರು ಇದನ್ನೂ ಮಾಡಬೇಡಿ, ಡಾಕ್ಟರ ಹತ್ತಿರ ಹೋಗಿ. ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ ಎಲ್ಲರೂ ಹೋಗಿ. 1924ರಲ್ಲಿ ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರ 16 ವರ್ಷದ ಮಗ ಶ್ವೇತಭವನದ ಅಂಗಳದಲ್ಲಿ ಸಾಕ್ಸ್ ಹಾಕದೆ ಟೆನಿಸ್ ಆಡಿದ. ಕಾಲಿನ ಬೆರಳಿಗೆ ಬೊಬ್ಬೆ ಬಂತು, ಅದು ನಂಜಾಗಿ ರಕ್ತಕ್ಕೇರಿತು. ಆಡಿದ್ದು ಜೂನ್ 30, ತೀರಿಕೊಂಡದ್ದು ಜುಲೈ 7. ಆಗಿನ್ನೂ ಪೆನಿಸಿಲಿನ್ ಇರಲಿಲ್ಲ. ಈಗ ಇದೆ, ಆದರೂ ಸುಮ್ನೆ ಬಿಡಬೇಡಿ.

ಮದುವೆಮನೆಯ ನೆಂಟರು ನನ್ನ ನಂಬರ್ ತೆಗೆದುಕೊಂಡು ಹೋಗಿದ್ದರು. ಮೊನ್ನೆ ಬೆಳಗ್ಗೆ ದೋಸೆ ತಿನ್ನುತ್ತಿದ್ದಾಗ ಮೊಬೈಲ್ ಸದ್ದು ಮಾಡಿತು. ಒಂದು ಫೋಟೋ. ಹಿಮ್ಮಡಿ, ಚೊಕ್ಕವಾಗಿದೆ. ಖುಷಿಯಾಯಿತು. ಕೆಳಗೆ ಇನ್ನೊಂದು ಫೋಟೋ, ತುಂಬಾ ಹತ್ತಿರದಿಂದ ತೆಗೆದದ್ದು. ಎಡಗಾಲಿನ ಕಿರುಬೆರಳು.

"ಈಗ ಇಲ್ಲಿ," ಅಂತ ಬರೆದಿದ್ದರು.