ಪ್ರಿಂಟ್ ಬರದಿದ್ದರೆ 777 ಮದ್ದಲ್ಲ

ಲಿನಕ್ಸ್‌ನಲ್ಲಿ ಪ್ರಿಂಟರ್ ಹಾಕಿಕೊಳ್ಳುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಸಿಎಚ್‌ಮಾಡ್ 777 ಹಾಕಿಬಿಡಿ, ಸರಿಹೋಗುತ್ತೆ." ಸಿಎಚ್‌ಮಾಡ್ ಅನ್ನೋದು ಫೈಲಿನ ಪರ್ಮಿಷನ್ ಬದಲಾಯಿಸುವ ಕಮಾಂಡ್, ಅಂದರೆ ಅದನ್ನು ಯಾರು ಓದಬಹುದು, ತಿದ್ದಬಹುದು, ಓಡಿಸಬಹುದು ಅನ್ನೋದನ್ನು. 777 ಅಂದರೆ ಎಲ್ಲರಿಗೂ ಎಲ್ಲವೂ. ದಯವಿಟ್ಟು ಹಾಕಬೇಡಿ. ಸೆಕ್ಯೂರಿಟಿ ಮಾತು ಹಾಗಿರಲಿ, ಪ್ರಿಂಟಿಂಗ್ ವಿಷಯದಲ್ಲಿ 777 ಹಾಕಿದರೆ ನಡೆಯುತ್ತಿದ್ದದ್ದೂ ನಿಂತುಹೋಗಬಹುದು.

ಲಿನಕ್ಸ್, ಮ್ಯಾಕ್ ಎರಡರಲ್ಲೂ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ ಎಂಬ ಸಾಫ್ಟ್‌ವೇರ್. ನಿಮ್ಮ ಫೈಲನ್ನು ಪ್ರಿಂಟರ್‌ಗೆ ಅರ್ಥವಾಗುವಂತೆ ಬದಲಾಯಿಸುವುದು ಫಿಲ್ಟರ್, ಅದನ್ನು ಯುಎಸ್‌ಬಿಗೋ ನೆಟ್‌ವರ್ಕ್‌ಗೋ ದಾಟಿಸುವುದು ಬ್ಯಾಕೆಂಡ್. ಎರಡೂ ಪುಟ್ಟ ಪುಟ್ಟ ಪ್ರೋಗ್ರಾಂಗಳು. ಇವನ್ನು ಓಡಿಸುವ ಮುಂಚೆ ಕಪ್ಸ್ ಪರ್ಮಿಷನ್ ನೋಡುತ್ತದೆ, ಯಾರು ಬೇಕಾದರೂ ತಿದ್ದಬಹುದಾದ ಫೈಲ್ ಅಂತ ಕಂಡರೆ 'ಇನ್‌ಸೆಕ್ಯೂರ್ ಪರ್ಮಿಷನ್ಸ್' ಅಂತ ಲಾಗ್‌ನಲ್ಲಿ (ನಡೆದದ್ದನ್ನು ಬರೆದಿಡುವ ಫೈಲಿನಲ್ಲಿ) ಬರೆದು ಓಡಿಸುವುದನ್ನೇ ಬಿಟ್ಟುಬಿಡುತ್ತದೆ. ಇದು ಸರಿಯಾದ ನಡೆ ಅಂತಲೇ ನನ್ನ ಅಭಿಪ್ರಾಯ. ಬ್ಯಾಕೆಂಡ್‌ನಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಅದರ ಪರ್ಮಿಷನ್ 755 (ಮಾಲೀಕನಿಗೆ ಎಲ್ಲವೂ, ಉಳಿದವರಿಗೆ ಓದಲು, ಓಡಿಸಲು ಮಾತ್ರ) ಇದ್ದರೆ ಅದು ಎಲ್‌ಪಿ ಎಂಬ ಸಾಮಾನ್ಯ ಯೂಸರ್ ಆಗಿ ಓಡುತ್ತದೆ, 700 (ಮಾಲೀಕನಿಗೆ ಮಾತ್ರ) ಇದ್ದರೆ ಎಲ್ಲ ಅಧಿಕಾರವಿರುವ ರೂಟ್ ಯೂಸರ್ ಆಗಿ. ಅಂದರೆ ಆ ಸಂಖ್ಯೆ ಬದಲಾಯಿಸಿದರೆ ಪ್ರೋಗ್ರಾಂ ಯಾರ ಹೆಸರಲ್ಲಿ ಓಡುತ್ತೆ ಅನ್ನೋದೇ ಬದಲಾಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ಟರ್ಮಿನಲ್‌ನಲ್ಲಿ ಎಲ್‌ಪಿಸ್ಟ್ಯಾಟ್ -ಟಿ ಅಂತ ಹೊಡೆಯಿರಿ, ಪ್ರಿಂಟರ್‌ಗಳ ಸ್ಥಿತಿ ತೋರಿಸುತ್ತದೆ. ಪ್ರಿಂಟರ್ 'ಡಿಸೇಬಲ್ಡ್' ಅಂತ ಬಂದರೆ ಅದಕ್ಕೂ ಪರ್ಮಿಷನ್‌ಗೂ ನೇರ ಸಂಬಂಧವಿಲ್ಲ, ಹಿಂದಿನ ಯಾವುದೋ ಕೆಲಸ ಕೆಟ್ಟಾಗ ಕ್ಯೂ (ಪ್ರಿಂಟ್ ಕೆಲಸಗಳ ಸಾಲು) ನಿಂತಿರಬಹುದು. ಕಪ್ಸ್‌ಎನೇಬಲ್ ಕೊಟ್ಟರೆ ಮತ್ತೆ ಓಡುತ್ತೆ. ಹೊಸ ಕೆಲಸ ತಗೊಳ್ತಿಲ್ಲ ಅಂದರೆ ಕಪ್ಸ್‌ಅಕ್ಸೆಪ್ಟ್.

ಬರೀ 'ಫಿಲ್ಟರ್ ಫೇಲ್ಡ್' ಅಂತ ಬಂದರೆ ಊಹೆ ಮಾಡುತ್ತಾ ಕೂರಬೇಡಿ. ಕಪ್ಸ್‌ಸಿಟಿಎಲ್ --ಡಿಬಗ್-ಲಾಗಿಂಗ್ ಕೊಟ್ಟು ಲಾಗ್ ವಿವರವಾಗಿ ಬರುವಂತೆ ಮಾಡಿ, ಒಂದೇ ಪುಟದ ಟೆಕ್ಸ್ಟ್ ಫೈಲ್ ಕಳಿಸಿ, ಆಮೇಲೆ /ವಾರ್/ಲಾಗ್/ಕಪ್ಸ್/ ಒಳಗಿನ ಎರರ್_ಲಾಗ್ ಓದಿ. ಉದ್ದ ಇರುತ್ತೆ, ಬೇಜಾರಾಗುತ್ತೆ, ಆದರೂ ಓದಿ. ತೊಂದರೆ ಪರ್ಮಿಷನ್ನದೇ ಆಗಿದ್ದರೆ ಯಾವ ಫೈಲು, ಯಾವ ಪರ್ಮಿಷನ್ ಅಂತ ಹೆಸರು ಹಿಡಿದು ಹೇಳಿರುತ್ತದೆ.

ಗ್ರೂಪ್ (ಒಂದೇ ಅಧಿಕಾರ ಕೊಡಲು ಒಟ್ಟು ಮಾಡಿದ ಯೂಸರ್‌ಗಳ ಗುಂಪು) ವಿಷಯದಲ್ಲಿ ಗೊಂದಲ ಜಾಸ್ತಿ. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಪ್ರಿಂಟರ್ ಸೇರಿಸಲು, ಸೆಟ್ಟಿಂಗ್ ಬದಲಿಸಲು ಬೇಕಾಗೋದು ಎಲ್‌ಪಿಅಡ್ಮಿನ್ ಗ್ರೂಪ್. ಎಲ್‌ಪಿ ಗ್ರೂಪ್ ಬೇರೆ, ಅದು ಯುಎಸ್‌ಬಿ ಪ್ರಿಂಟರ್‌ನ ಡಿವೈಸ್ ಫೈಲನ್ನು ನೇರವಾಗಿ ಮುಟ್ಟಲು. ಬರೀ ಪ್ರಿಂಟ್ ತೆಗೆಯೋಕೆ ಸಾಮಾನ್ಯವಾಗಿ ಎರಡೂ ಬೇಕಿಲ್ಲ. ಗ್ರೂಪ್‌ಗೆ ಸೇರಿಕೊಳ್ಳಲು ಯೂಸರ್‌ಮಾಡ್ ಕಮಾಂಡ್ ಬಳಸುವಾಗ -ಎಜಿ ಅಂತಲೇ ಕೊಡಿ, ಎ ಬಿಟ್ಟರೆ ನಿಮ್ಮ ಹಳೇ ಗ್ರೂಪ್‌ಗಳೆಲ್ಲ ಹೋಗಿಬಿಡುತ್ತವೆ, ರೂಟ್ ಅಧಿಕಾರ ಕೊಡುವ ಸುಡೋ ಗ್ರೂಪ್ ಸೇರಿ. ಆಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು, ಇಲ್ಲದಿದ್ದರೆ ಹೊಸ ಗ್ರೂಪ್ ಲೆಕ್ಕಕ್ಕೇ ಬರುವುದಿಲ್ಲ.

ಕೆಲವು ಸಲ ತೊಂದರೆ ಇರೋದು ಪ್ರಿಂಟ್ ಮಾಡಬೇಕಾದ ಫೈಲಿನಲ್ಲೇ. ಎಲ್‌ಪಿ ಕಮಾಂಡ್ ನಿಮ್ಮ ಹೆಸರಲ್ಲೇ ಅದನ್ನು ಓದುತ್ತದೆ. ಫೈಲಿಗೆ 644 (ಎಲ್ಲರೂ ಓದಬಹುದು) ಇದ್ದರೂ ಮೇಲಿನ ಯಾವುದೋ ಡೈರೆಕ್ಟರಿಗೆ ನಿಮಗೆ ಎಕ್ಸ್, ಅಂದರೆ ಒಳಹೋಗುವ ಪರ್ಮಿಷನ್, ಇಲ್ಲದಿದ್ದರೆ ಒಳಗೆ ಹೋಗೋಕೇ ಆಗಲ್ಲ, ಅಲ್ವಾ? ನೇಮೈ -ಎಲ್ ಜೊತೆ ಫೈಲಿನ ಪೂರ್ತಿ ದಾರಿ ಕೊಟ್ಟರೆ ಪ್ರತಿ ಮೆಟ್ಟಿಲಿನ ಪರ್ಮಿಷನ್ ಸಾಲಾಗಿ ತೋರಿಸುತ್ತದೆ. ಎಲ್‌ಎಸ್ ಕಮಾಂಡನ್ನು ಒಂದೊಂದೇ ಡೈರೆಕ್ಟರಿಗೆ ಹೊಡೆಯುವುದಕ್ಕಿಂತ ಎಷ್ಟೋ ವಾಸಿ.

ಈಗಾಗಲೇ 777 ಹಾಕಿದ್ದಾಗಿದ್ದರೆ ಒಂದೊಂದು ಫೈಲನ್ನೂ ನೆನಪಿನಿಂದ ತಿದ್ದಲು ಹೋಗಬೇಡಿ. ಡೆಬಿಯನ್ ಕಡೆಯವರು ಕಪ್ಸ್ ಮತ್ತು ಫಿಲ್ಟರ್ ಪ್ಯಾಕೇಜ್‌ಗಳನ್ನು ರೀಇನ್‌ಸ್ಟಾಲ್ ಮಾಡಿ, ಫೆಡೋರಾದಂಥ ಆರ್‌ಪಿಎಂ ಪ್ಯಾಕೇಜ್ ಬಳಸುವ ಕಡೆಯವರು ಆರ್‌ಪಿಎಂ --ಸೆಟ್‌ಪರ್ಮ್ಸ್ ಬಳಸಿ. ಪ್ರಿಂಟ್ ಕೆಲಸಗಳನ್ನು ಇಟ್ಟುಕೊಳ್ಳುವ ಸ್ಪೂಲ್ ಡೈರೆಕ್ಟರಿಯ ಪರ್ಮಿಷನ್ನನ್ನು ಕಪ್ಸ್ ಶುರುವಾಗುವಾಗ ತಾನೇ ಸರಿಮಾಡಿಕೊಳ್ಳುತ್ತದೆ, ಹಾಗಾಗಿ ಕೊನೆಗೆ ಒಂದು ರೀಸ್ಟಾರ್ಟ್ ಕೊಡಿ.