ಗುಡುಗುಮೋಡದ ಗಾಮಾ ಕಿರಣವೋ, ಮಳೆ ತಂದ ರೇಡಾನೋ?

ಗುಡುಗುಮಳೆ ಶುರುವಾದ ಕೂಡಲೇ ಗಾಮಾ ಡಿಟೆಕ್ಟರ್‌ನ ಎಣಿಕೆ ಏರುತ್ತದೆ. ಬಹುಪಾಲು ಸಲ ಅದು ಮೋಡದಲ್ಲಿ ಹುಟ್ಟಿದ ವಿಕಿರಣವಲ್ಲ. ಗಾಳಿಯಲ್ಲಿನ ವಿಕಿರಣಶೀಲ ಅನಿಲ ರೇಡಾನ್ ಒಡೆದು ಉಂಟಾದ ಸೀಸ-214, ಬಿಸ್ಮತ್-214 ಮಳೆಹನಿಗೆ ಅಂಟಿ ನೆಲಕ್ಕಿಳಿದಿರುತ್ತವೆ, ಅಷ್ಟೆ.

ಎರಡನ್ನೂ ಬೇರ್ಪಡಿಸಲು ಕಿರಣದ ಶಕ್ತಿಯನ್ನು ಅಳೆಯಲೇಬೇಕು. ಆದ್ದರಿಂದ ಕಿರಣಗಳನ್ನು ಎಣಿಸುವುದಷ್ಟೇ ಗೊತ್ತಿರುವ ಗೈಗರ್ ಕೌಂಟರ್ ಸಾಲದು. ಗಾಮಾ ಬಿದ್ದಾಗ ಮಿನುಗುವ ಸೋಡಿಯಂ ಅಯೊಡೈಡ್ ಹರಳು, ಆ ಮಿನುಗನ್ನು ವಿದ್ಯುತ್ ಪಲ್ಸ್ ಆಗಿಸುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್ ಬೇಕು. ಬಿಸ್ಮತ್-214ರ ಗುರುತು 609 ಮತ್ತು 1764 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಸಿಗುತ್ತದೆ. ನೆಲದ ಥಾಲಿಯಂ-208ರದ್ದು 2614. ಅದರಾಚೆಗೆ ಸಹಜ ವಿಕಿರಣಶೀಲತೆಯ ಪಾಲು ಇಲ್ಲವೆನ್ನುವಷ್ಟು ಕಡಿಮೆ, ಉಳಿಯುವುದು ಕಾಸ್ಮಿಕ್ ಕಿರಣ. ಹಾಗಾಗಿ 3 ಮೆಗಾ (ಅಂದರೆ 3000 ಕಿಲೋ) ಎಲೆಕ್ಟ್ರಾನ್‌ವೋಲ್ಟ್ ಮೇಲಿನ ಎಣಿಕೆಯನ್ನು ಪ್ರತ್ಯೇಕವಾಗಿಡಿ. ಮೋಡದ ಗಾಮಾ ಇದನ್ನು ಸಲೀಸಾಗಿ ದಾಟುತ್ತದೆ.

ಇಳಿಯುವ ರೀತಿಯೂ ಬೇರೆ. ಮಳೆಯದ್ದು ನಿಧಾನವಾಗಿ ಇಳಿಯುತ್ತದೆ, ಏಕೆಂದರೆ ಸೀಸ-214, ಬಿಸ್ಮತ್-214ರ ಅರ್ಧಾಯು (ಅರ್ಧದಷ್ಟು ಒಡೆಯಲು ಬೇಕಾದ ಸಮಯ) ಸುಮಾರು 27 ಮತ್ತು 20 ನಿಮಿಷ. ಮೋಡದ ಗಾಮಾ ಹೊಳಪು ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷ ಇರುತ್ತದೆ, ಎಷ್ಟೋ ಸಲ ಮಿಂಚು ಹೊಡೆದ ಕ್ಷಣವೇ ಕತ್ತರಿಸಿದಂತೆ ನಿಂತುಬಿಡುತ್ತದೆ. ನನಗೆ ಇದಕ್ಕಿಂತ ನಂಬಿಕೆಯ ಸಾಕ್ಷಿ ಬೇರೆ ಇಲ್ಲ.

ಹಾಗೆ ನಿಲ್ಲುವುದೇಕೆ? ವೇಗದ ಎಲೆಕ್ಟ್ರಾನ್‌ಗೆ ಗಾಳಿಯ ತಡೆ ಕಡಿಮೆ. ಮೋಡದ ವಿದ್ಯುತ್ ಕ್ಷೇತ್ರ ಆ ತಡೆಯನ್ನು ಮೀರಿದರೆ ಎಲೆಕ್ಟ್ರಾನ್ ಓಡುತ್ತಲೇ ಹೋಗುತ್ತದೆ. ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1925ರಲ್ಲೇ ಇದನ್ನು ಊಹಿಸಿದ್ದರು. ಹಾಗೆ ಓಡುವ ಎಲೆಕ್ಟ್ರಾನ್ ಡಿಕ್ಕಿಯಲ್ಲಿ ಇನ್ನಷ್ಟು ಎಲೆಕ್ಟ್ರಾನ್‌ಗಳನ್ನು ಕಿತ್ತು ಓಡಿಸುತ್ತದೆ. ಇವು ಗಾಳಿಯ ನ್ಯೂಕ್ಲಿಯಸ್ ಬಳಿ ದಿಕ್ಕು ಬದಲಿಸುವಾಗ ಗಾಮಾ ಹೊಮ್ಮುತ್ತದೆ. ಒಂದರಿಂದ ಹಲವಾಗುತ್ತ ಬೆಳೆಯುವ ಈ ಎಲೆಕ್ಟ್ರಾನ್ ಓಟಕ್ಕೆ ಸಮುದ್ರಮಟ್ಟದಲ್ಲಿ ಮೀಟರ್‌ಗೆ ಸುಮಾರು 2.8 ಲಕ್ಷ ವೋಲ್ಟ್ ಸಾಕು, ಕಿಡಿ ಹಾರಲು ಬೇಕಾದದ್ದರ ಹತ್ತನೇ ಒಂದು ಪಾಲು. ಮೇಲೆ ಗಾಳಿ ತೆಳುವಾದಷ್ಟೂ ಇನ್ನೂ ಕಡಿಮೆ ಸಾಕು. ಮಿಂಚು ಆ ಕ್ಷೇತ್ರವನ್ನೇ ಬರಿದು ಮಾಡುತ್ತದೆ.

ಮಿಂಚಿನ ಜೊತೆಗೇ ಬರುವ ಮಿಲಿಸೆಕೆಂಡಿಗೂ ಕಿರಿದಾದ ಗಾಮಾ ಸ್ಫೋಟದಲ್ಲಿ ಮೋಸ ಹೆಚ್ಚು. ಮಿಂಚಿನ ರೇಡಿಯೋ ಅಲೆಗೆ ಕೇಬಲ್ಲೇ ಆಂಟೆನಾ ಆಗಿ ಸುಳ್ಳು ಪಲ್ಸ್ ಹುಟ್ಟಿಸುತ್ತದೆ. ಇಡೀ ಉಪಕರಣವನ್ನು ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿಟ್ಟು, ಬ್ಯಾಟರಿಯಿಂದ ನಡೆಸಿ, ಸಂಕೇತವನ್ನು ಆಪ್ಟಿಕಲ್ ಫೈಬರ್‌ನಲ್ಲಿ ಹೊರತನ್ನಿ. ಪಕ್ಕದಲ್ಲೇ ಹರಳಿಲ್ಲದ ಇನ್ನೊಂದು ಟ್ಯೂಬ್ ಇರಲಿ: ಅದರಲ್ಲೂ ಪಲ್ಸ್ ಬಂದರೆ ಆ ದಾಖಲೆಯನ್ನು ಬಿಟ್ಟುಬಿಡಿ. ಹತ್ತಾರು ಕಿರಣ ಒಟ್ಟಿಗೆ ಬಿದ್ದರೆ ಒಂದೇ ದೊಡ್ಡ ಪಲ್ಸ್ ಆಗಿ ಕಂಡು ಶಕ್ತಿ ಹಿಗ್ಗುತ್ತದೆ, ಆದ್ದರಿಂದ ಪಲ್ಸ್‌ನ ಎತ್ತರ ಮಾತ್ರವಲ್ಲ, ಇಡೀ ಅಲೆರೂಪವನ್ನು ಜಿಪಿಎಸ್ ಸಮಯದೊಂದಿಗೆ ಉಳಿಸಿ.

ಅಲೆರೂಪ ಉಳಿಸಿದರೆ ಸ್ಫೋಟದ ನಂತರದ್ದೂ ಸಿಗುತ್ತದೆ. 2017ರ ಫೆಬ್ರವರಿ 6ರಂದು ಜಪಾನಿನ ಕಾಶಿವಜಾಕಿಯಲ್ಲಿ ಮಿಂಚಿನ ಗಾಮಾ ಸಾರಜನಕದಿಂದ ನ್ಯೂಟ್ರಾನ್ ಕಿತ್ತಿತು. ನೂರು ಮಿಲಿಸೆಕೆಂಡಿನಷ್ಟರಲ್ಲಿ ಆ ನ್ಯೂಟ್ರಾನ್‌ಗಳ ಗುರುತು ಮಾಸಿತು. ಆಮೇಲೆ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಗುರುತು ಸುಮಾರು ಒಂದು ನಿಮಿಷ ನಿಂತಿತು: ನ್ಯೂಟ್ರಾನ್ ಕಳೆದುಕೊಂಡು ಉಳಿದ ಸಾರಜನಕ-13ರಿಂದ ಹೊರಟ ಪಾಸಿಟ್ರಾನ್‌ಗಳು (ಎಲೆಕ್ಟ್ರಾನ್‌ನ ಪ್ರತಿಕಣಗಳು) ಎಲೆಕ್ಟ್ರಾನ್ ಜೊತೆ ಸೇರಿ ಅಳಿದದ್ದರ ಗುರುತು. ಸಾರಜನಕ-13ರ ಅರ್ಧಾಯು 10 ನಿಮಿಷ. ಆದರೂ ಒಂದೇ ನಿಮಿಷಕ್ಕೆ ಮರೆಯಾದದ್ದು, ಗಾಳಿ ಆ ಸಾರಜನಕ-13 ಇದ್ದ ಮೋಡವನ್ನು ಡಿಟೆಕ್ಟರ್ ದಾಟಿಸಿಕೊಂಡು ಹೋದದ್ದರಿಂದ.