ಬೆವರನ್ನು ತಡೆಯದೆ ಮೈವಾಸನೆಯನ್ನು ಹತೋಟಿಯಲ್ಲಿಡುವುದು

ಆಗಷ್ಟೇ ಒಸರಿದ ಬೆವರಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಡಿಯೋಡರೆಂಟಿನ ಬದಲು ಸಹಜವಾದುದೇನನ್ನಾದರೂ ಬಳಸಬೇಕೆಂದಿರುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದು. ನಮ್ಮ ಮೈಯಲ್ಲಿ ಮುಖ್ಯವಾಗಿ ಎರಡು ಬಗೆಯ ಬೆವರಿನ ಗ್ರಂಥಿಗಳಿವೆ. 20ರಿಂದ 40 ಲಕ್ಷದಷ್ಟಿರುವ ಎಕ್ರೈನ್ ಗ್ರಂಥಿಗಳು ಮೈತುಂಬ ಹರಡಿಕೊಂಡು, ನೀರನ್ನೂ ಉಪ್ಪನ್ನೂ ಹೊರಹಾಕಿ ದೇಹವನ್ನು ತಂಪಾಗಿಡುತ್ತವೆ. ಅಪೊಕ್ರೈನ್ ಗ್ರಂಥಿಗಳಾದರೋ ಕಂಕುಳು, ತೊಡೆಸಂದಿಯಂಥ ಕೆಲವೇ ಜಾಗಗಳಲ್ಲಿದ್ದು ಹರೆಯ ಬಂದ ಮೇಲಷ್ಟೇ ಕೆಲಸ ಶುರುಮಾಡುತ್ತವೆ. ಇವುಗಳಿಂದ ಒಸರುವ ದ್ರವದಲ್ಲಿ ಪ್ರೋಟೀನು ಮತ್ತು ಕೊಬ್ಬಿನ ಅಂಶಗಳು ಇರುತ್ತವೆ. ಕಂಕುಳಿನಲ್ಲಿ ಸದಾ ನೆಲೆಸಿರುವ ಕೊರಿನೆಬ್ಯಾಕ್ಟೀರಿಯಂ, ಸ್ಟೆಫೈಲೊಕಾಕಸ್ ಹೊಮಿನಿಸ್ ಮುಂತಾದ ಬ್ಯಾಕ್ಟೀರಿಯಾಗಳು ಆ ದ್ರವವನ್ನು ಒಡೆದು, ಗಾಳಿಗೆ ಸುಲಭವಾಗಿ ಏರುವ ಆಮ್ಲಗಳನ್ನೂ ಗಂಧಕವುಳ್ಳ ಸಂಯುಕ್ತಗಳನ್ನೂ ಬಿಡುಗಡೆ ಮಾಡಿದಾಗ ವಾಸನೆ ಹುಟ್ಟುತ್ತದೆ. ಹೆಚ್ಚಿದ ಈರುಳ್ಳಿಯನ್ನು ನೆನಪಿಸುವ ಆ ಖಾರದ ವಾಸನೆ ಗಂಧಕದ ಸಂಯುಕ್ತದ್ದು. ಅದು ತೀರಾ ಅಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ಗೊತ್ತಾಗುತ್ತದೆ.

ಎಲ್ಲರಿಗೂ ಇದು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಎಬಿಸಿಸಿ11 ಎಂಬ ಜೀನಿನ ಒಂದು ನಿರ್ದಿಷ್ಟ ರೂಪವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರಲ್ಲಿ ಕಂಕುಳಿನ ವಾಸನೆ ಬಹಳ ಕಡಿಮೆ ಇರುತ್ತದೆ ಮತ್ತು ಅವರ ಕಿವಿಯ ಗುಗ್ಗೆಯೂ ಒಣಗಿರುತ್ತದೆ. ಪೂರ್ವ ಏಷ್ಯಾದ ಹೆಚ್ಚಿನ ಜನರು ಈ ಗುಂಪಿಗೆ ಸೇರುತ್ತಾರೆ. ಹೀಗಿರುವಾಗ ಮೈವಾಸನೆ ಇರುವವರನ್ನೆಲ್ಲ ಕೊಳಕರೆಂದು ಮೂದಲಿಸುವುದು ಅನ್ಯಾಯವೆಂದೇ ನನ್ನ ಭಾವನೆ. ಎರಡು ಹೊತ್ತು ಸ್ನಾನ ಮಾಡಿಯೂ ಈ ಕಾರಣಕ್ಕೆ ನಾಲ್ಕು ಜನರ ನಡುವೆ ಕೂರಲು ಹಿಂಜರಿಯುವವರು ಇದ್ದಾರೆ.

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಇಟ್ಟಿರುವ ಡಿಯೋಡರೆಂಟ್ ಮತ್ತು ಆಂಟಿಪರ್ಸ್ಪಿರೆಂಟ್ ಬೇರೆ ಬೇರೆ ವಸ್ತುಗಳು. ಮೊದಲನೆಯದು ಬ್ಯಾಕ್ಟೀರಿಯಾವನ್ನು ತಗ್ಗಿಸಿ ಸುಗಂಧದಿಂದ ವಾಸನೆಯನ್ನು ಮುಚ್ಚುತ್ತದೆ. ಎರಡನೆಯದರಲ್ಲಿರುವ ಅಲ್ಯೂಮಿನಿಯಂ ಲವಣಗಳು ಬೆವರಿನ ನಾಳದ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚಿ ಬೆವರನ್ನೇ ಕಡಿಮೆ ಮಾಡುತ್ತವೆ. ಇವುಗಳಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಮಾತು ಬಹಳ ಓಡಾಡುತ್ತಿದೆಯಾದರೂ ಅದನ್ನು ಸಮರ್ಥಿಸುವ ಗಟ್ಟಿ ಪುರಾವೆ ಇಲ್ಲ; ಆ ಭಯವೊಂದರಿಂದಲೇ ಯಾರೂ ಅವನ್ನು ಬಿಡಬೇಕಾಗಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಆಂಟಿಪರ್ಸ್ಪಿರೆಂಟ್ ಬಳಸಬೇಕು. ಬದಲಿಯನ್ನು ಹುಡುಕಲು ಇದಕ್ಕಿಂತ ನ್ಯಾಯವಾದ ಕಾರಣಗಳಿವೆ: ಸುಗಂಧದ್ರವ್ಯಗಳಿಂದ ಚರ್ಮಕ್ಕೆ ಅಲರ್ಜಿಯಾಗುವುದು, ಘಾಟಿನಿಂದ ತಲೆನೋವು ಬರುವುದು, ಅಥವಾ ಬೆವರುವುದನ್ನು ತಡೆಯಲು ಮನಸ್ಸಿಲ್ಲದಿರುವುದು.

ನನ್ನ ಅಭಿಪ್ರಾಯದಲ್ಲಿ ಅತ್ಯಂತ ಪರಿಣಾಮಕಾರಿಯಾದ ಬದಲಿ ಯಾವ ಡಬ್ಬಿಯಲ್ಲಿಯೂ ಇಲ್ಲ. ಅದು ತೊಳೆಯುವ ಮತ್ತು ಒಣಗಿಸುವ ಕ್ರಮದಲ್ಲಿದೆ. ಸ್ನಾನದ ಕೊನೆಯಲ್ಲಿ ಮೈಮೇಲಿನ ನೊರೆ ಕಂಕುಳಿನ ಮೇಲೆ ಹರಿದುಹೋದರೆ ಸಾಲದು. ಕೈಯಲ್ಲಿ ಸೋಪಿನ ನೊರೆ ಮಾಡಿಕೊಂಡು, ತೋಳನ್ನು ಪೂರ್ತಿ ಎತ್ತಿ, ಕೂದಲಿನ ಬುಡದವರೆಗೂ ಬೆರಳಾಡಿಸಿ, ಅರ್ಧ ನಿಮಿಷವಾದರೂ ಉಜ್ಜಿ, ಜಾರಿಕೆ ಹೋಗುವವರೆಗೆ ತೊಳೆಯಬೇಕು. ಮೊದಲೇ ಹಚ್ಚಿದ್ದ ಎಣ್ಣೆ ಅಥವಾ ಪುಡಿಯ ಪದರ ಉಳಿದಿದ್ದರೆ ಬೆರಳಿಗೆ ಜಿಡ್ಡು ತಾಗುತ್ತದೆ. ಅದರ ಮೇಲೆಯೇ ಮತ್ತೆ ಏನನ್ನು ಹಚ್ಚಿದರೂ ಪ್ರಯೋಜನವಿಲ್ಲ. ಆಮೇಲೆ ಒಣ ಟವೆಲ್ಲಿನಿಂದ ಒತ್ತಿ ನೀರನ್ನು ಹೀರಿಸಿ, ಕೆಲವು ನಿಮಿಷ ಗಾಳಿಗೆ ಆರಲು ಬಿಟ್ಟು ನಂತರವೇ ಬಟ್ಟೆ ತೊಡಬೇಕು, ಏಕೆಂದರೆ ಈ ಬ್ಯಾಕ್ಟೀರಿಯಾಗಳಿಗೆ ತೇವ ಬೇಕು. ಕಂಕುಳಿನ ಕೂದಲು ಬೆವರನ್ನೂ ಬ್ಯಾಕ್ಟೀರಿಯಾವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ತೆಗೆದರೆ ಅಥವಾ ಗಿಡ್ಡ ಮಾಡಿದರೆ ವಾಸನೆ ಕಡಿಮೆಯಾಗುತ್ತದೆ. ಕ್ಷೌರ ಮಾಡಿದ ದಿನ ಮಾತ್ರ ಅಲ್ಲಿ ಯಾವುದೇ ಲೇಪವನ್ನು ಹಚ್ಚದಿರುವುದು ಒಳ್ಳೆಯದು.

ಇನ್ನು ಹಚ್ಚುವ ವಸ್ತುಗಳ ವಿಚಾರ. ಪಟಿಕವನ್ನು ಒದ್ದೆ ಮಾಡಿ ಕಂಕುಳಿಗೆ ಸವರುವುದು ಅಗ್ಗವಾದ, ಸರಳವಾದ ಉಪಾಯ. ಅದು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಬಟ್ಟೆಗೆ ಕಲೆ ಮಾಡುವುದು ಕಡಿಮೆ. ಆದರೆ ಅಲ್ಯೂಮಿನಿಯಂ ಬೇಡವೆಂದು ಪಟಿಕಕ್ಕೆ ಹೋಗುವವರು ಒಂದನ್ನು ತಿಳಿದಿರಬೇಕು: ಪಟಿಕವೆಂದರೆ ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂಗಳ ಸಲ್ಫೇಟ್, ಅಂದರೆ ಅದೂ ಅಲ್ಯೂಮಿನಿಯಂ ಲವಣವೇ.

ಅಡುಗೆ ಸೋಡಾದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮನೆಯಲ್ಲಿ ಮಾಡುವ ಬಹುಪಾಲು ಲೇಪಗಳಲ್ಲಿ ಅದೇ ಮುಖ್ಯ ವಸ್ತು, ಚರ್ಮ ಕೆಡುವುದೂ ಬಹಳ ಸಲ ಅದರಿಂದಲೇ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿದ್ದು ಅದರ ಪಿಎಚ್ (ಆಮ್ಲ, ಕ್ಷಾರ ಗುಣದ ಅಳತೆ) ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ನೀರಿನಲ್ಲಿ ಕರಗಿದ ಅಡುಗೆ ಸೋಡಾದ್ದು 8ಕ್ಕಿಂತ ಮೇಲೆ, ಅಂದರೆ ಅದು ಕ್ಷಾರೀಯ. ವಾಸನೆಗೆ ಕಾರಣವಾದ ಆಮ್ಲಗಳನ್ನು ಸೋಡಾ ತಟಸ್ಥಗೊಳಿಸುತ್ತದೆ ಎಂಬುದೇನೋ ನಿಜ, ಆದರೆ ದಿನವೂ ಹಚ್ಚುತ್ತ ಹೋದರೆ ಚರ್ಮದ ರಕ್ಷಣಾ ಪದರವೇ ದುರ್ಬಲವಾಗಿ ಉರಿ, ತುರಿಕೆ, ಕೆಂಪು, ಕೆಲವೊಮ್ಮೆ ಸಿಪ್ಪೆ ಏಳುವುದು ಕಾಣಿಸಿಕೊಳ್ಳುತ್ತದೆ. ಇದನ್ನು ‘ದೇಹದ ವಿಷ ಹೊರಬರುತ್ತಿದೆ, ಕೆಲವು ವಾರ ತಾಳಿಕೊಳ್ಳಿ’ ಎಂದು ಸಮಾಧಾನ ಹೇಳುವವರ ಮಾತನ್ನು ದಯವಿಟ್ಟು ನಂಬಬೇಡಿ. ದೇಹದ ಕಲ್ಮಶವನ್ನು ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು, ಕಂಕುಳಿನದ್ದಲ್ಲ. ಉರಿ ಬಂದರೆ ಆ ಲೇಪವನ್ನು ಅಂದೇ ನಿಲ್ಲಿಸಬೇಕು. ಸೋಡಾ ಒಗ್ಗದವರಿಗೆ ಜಿಂಕ್ ಆಕ್ಸೈಡ್ ಇರುವ ಲೇಪಗಳು ಹೆಚ್ಚು ಸೌಮ್ಯವಾಗಿರುತ್ತವೆ.

ಕೊಬ್ಬರಿ ಎಣ್ಣೆಯ ಕೊಬ್ಬಿನಂಶದಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲವಿದ್ದು ಅದಕ್ಕೆ ಬ್ಯಾಕ್ಟೀರಿಯಾವನ್ನು ತಗ್ಗಿಸುವ ಗುಣವಿದೆ. ಒಣ ಚರ್ಮದವರಿಗೆ ಇದರ ಒಂದೆರಡು ಹನಿ ಹಿತವಾಗಬಹುದು. ವಿಪರೀತ ಬೆವರುವವರಿಗೆ ಇದೊಂದರಿಂದಲೇ ಆಗುವುದಿಲ್ಲ, ಬಟ್ಟೆಗೆ ಎಣ್ಣೆಯ ಕಲೆಯೂ ಉಳಿಯುತ್ತದೆ. ಕಾರ್ನ್‌ಫ್ಲೋರ್‌ನಂಥ ಪುಡಿಗಳು ತೇವವನ್ನು ಹೀರುತ್ತವೆಯೇ ಹೊರತು ವಾಸನೆಯ ಮೂಲವನ್ನು ಮುಟ್ಟುವುದಿಲ್ಲ. ಟೀ ಟ್ರೀ ಎಣ್ಣೆಗೆ ಬ್ಯಾಕ್ಟೀರಿಯಾ ನಾಶಕ ಗುಣವಿರುವುದು ನಿಜವಾದರೂ ಅದನ್ನು ನೇರವಾಗಿ ಹಚ್ಚಬಾರದು. ಗಾಳಿಗೆ ತೆರೆದಿಟ್ಟು ಹಳತಾದ ಎಣ್ಣೆಯಿಂದ ಅಲರ್ಜಿಯ ಸಾಧ್ಯತೆ ಹೆಚ್ಚು. ನಿಂಬೆ ರಸವನ್ನಂತೂ ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಅದರ ಆಮ್ಲ ಚರ್ಮವನ್ನು ಉರಿಸುವುದಲ್ಲದೆ, ರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಗುಳ್ಳೆಯೆದ್ದು, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯಾಗಬಹುದು. ಯಾವುದನ್ನೇ ಆಯ್ದುಕೊಂಡರೂ ಮೊದಲು ಮುಂಗೈಯ ಒಳಭಾಗಕ್ಕೆ ಚೂರು ಹಚ್ಚಿ, ಎರಡು ದಿನ ಕಾದು ನೋಡಬೇಕು.

ಇಷ್ಟೆಲ್ಲ ಮಾಡಿಯೂ ವಾಸನೆ ಹೋಗಲಿಲ್ಲವೆಂದರೆ ಮೈಯನ್ನು ಬಿಟ್ಟು ಬಟ್ಟೆಯನ್ನು ನೋಡಿ. ಒಗೆದು ಒಣಗಿಸಿದ ಪಾಲಿಯೆಸ್ಟರ್ ಅಂಗಿಯೊಂದು ಬೀರುವಿನಲ್ಲಿದ್ದಾಗ ಏನೂ ವಾಸನೆ ಬಾರದು. ಅದನ್ನೇ ತೊಟ್ಟು ಮೈಶಾಖ ತಾಗಿದ ಸ್ವಲ್ಪ ಹೊತ್ತಿಗೆ, ಇನ್ನೂ ಬೆವರುವ ಮೊದಲೇ, ಕಂಕುಳಿನ ಹೊಲಿಗೆಯಿಂದ ಹಳೆಯ ವಾಸನೆ ಏಳುತ್ತದೆ. ಇಸ್ತ್ರಿ ಮಾಡುವಾಗ ಆ ಜಾಗದ ಮೇಲೆ ಬಿಸಿ ಬಿದ್ದರೂ ಹೀಗೆಯೇ. ಪಾಲಿಯೆಸ್ಟರ್ ನೂಲು ನೀರನ್ನು ಹೀರದೆ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಾಮಾನ್ಯ ಒಗೆತಕ್ಕೆ ಆ ಜಿಡ್ಡು ಪೂರ್ತಿಯಾಗಿ ಬಿಡುವುದಿಲ್ಲ. ಹತ್ತಿ ಮತ್ತು ಉಣ್ಣೆಯ ಬಟ್ಟೆಗಳಲ್ಲಿ ಈ ಕಾಟ ಕಡಿಮೆ. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ, ಕಂಕುಳಿನ ಭಾಗಕ್ಕೆ ದ್ರವರೂಪದ ಸೋಪನ್ನು ನೇರವಾಗಿ ತಿಕ್ಕಿ, ಅರ್ಧ ಗಂಟೆ ಬಿಟ್ಟು ಒಗೆದು, ತೇವ ಉಳಿಯದಂತೆ ಬಿಸಿಲಿಗೆ ಹಾಕಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಚರ್ಮಕ್ಕೆ ಒಗ್ಗದ ಅಡುಗೆ ಸೋಡಾ ಇಲ್ಲಿ ಧಾರಾಳವಾಗಿ ಉಪಯೋಗಕ್ಕೆ ಬರುತ್ತದೆ.

ಆಹಾರದ ಪಾತ್ರವೂ ಇದೆ, ಆದರೆ ಚಿಕ್ಕದು. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಉಸಿರಿನಲ್ಲಿಯೂ ಬೆವರಿನಲ್ಲಿಯೂ ಹೊರಬರುತ್ತವೆ. ಮೆಂತ್ಯ ಹೆಚ್ಚು ತಿಂದವರ ಬೆವರು ಅದರದೇ ಸಿಹಿ ಪರಿಮಳವನ್ನು ಹೊತ್ತಿರುತ್ತದೆ.

ವರ್ಷಗಳಿಂದ ಇದ್ದ ಮೈವಾಸನೆ ಕಾರಣವಿಲ್ಲದೆ ತಟ್ಟನೆ ಬದಲಾದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ, ಅಥವಾ ಎಷ್ಟು ಶುಚಿಯಾಗಿದ್ದರೂ ಮೈಯಿಂದ ಮೀನಿನಂಥ ವಾಸನೆ ಬರುತ್ತಿದ್ದರೆ, ಈ ಯಾವ ಉಪಾಯವೂ ಅದಕ್ಕೆ ಉತ್ತರವಲ್ಲ. ಮೀನಿನ ವಾಸನೆಯ ಹಿಂದೆ ಟ್ರೈಮಿಥೈಲಮಿನೂರಿಯ ಎಂಬ ಅಪರೂಪದ ಚಯಾಪಚಯ ದೋಷವಿರಬಹುದು, ಅತಿಯಾದ ಬೆವರಿನ ಹಿಂದೆ ಥೈರಾಯ್ಡ್ ತೊಂದರೆ ಇರಬಹುದು. ಮಧುಮೇಹಿಗಳ ಉಸಿರಿನಲ್ಲಿ ಹಣ್ಣಿನಂಥ ವಾಸನೆ ಬಂದು ಜೊತೆಗೆ ವಾಂತಿ, ಸುಸ್ತು ಇದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.